ಡಾಕ್ಟರರ ಮಾತಿನಲ್ಲಿ ನಾನು ಬಿಟ್ಟದ್ದು

ಸಿಂಚನಾಳನ್ನು ಬದುಕಿಸಿದ್ದು ನನ್ನ ವಾದ ಎಂದು ಗೊರೇಬಾಳದಲ್ಲಿ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ, ಅಕ್ಕಾ. ಆ ವಾದವನ್ನು ನಾನು ಗೆದ್ದದ್ದು ನಿನ್ನಿಂದ ಒಂದು ಮಾತು ಮುಚ್ಚಿಟ್ಟು.

ಮೂರು ವರ್ಷದ ಹಿಂದೆ, ಹೈದರಾಬಾದಿನ ಆಸ್ಪತ್ರೆಯ ಆ ಸಣ್ಣ ಕೋಣೆ. ನಿನ್ನ ಮಗಳಿಗೆ ಆಗ ಎಂಟು. ನಾಲ್ಕು ಹೆಜ್ಜೆ ನಡೆದರೆ ತುಟಿ ನೀಲಿಯಾಗುತ್ತಿತ್ತು. ಹೃದಯ, ಶ್ವಾಸಕೋಶ ಎರಡನ್ನೂ ಬದಲಿಸಬೇಕು ಎಂದರು ಡಾಕ್ಟರು. ಅವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಾನು ನಿಮಗೆ ಕನ್ನಡದಲ್ಲಿ. ನಿನ್ನ ಮಾವ ಒಪ್ಪಲಿಲ್ಲ.

"ಸತ್ತ ಕೂಸಿನ ಎದಿ ತಂದು ನಮ್ಮ ಕೂಸಿಗೆ ಹಚ್ಚೂದಾ? ಬ್ಯಾಡಬೇ."

"ಕೊಡೋ ತಾಯಿಗೆ ಇಲ್ಲದ ತಕರಾರು ನಿಮಗ್ಯಾಕ್ರಿ ಮಾವಾರ?"

ಅವರು ತಲೆ ತಗ್ಗಿಸಿ ಕುರ್ಚಿಯಲ್ಲಿ ಕೂತರು. ನನಗೆ ಖುಷಿ — ಹೌದು, ಖುಷಿ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ತಡವರಿಸಿದಾಗ ಆಗುವಂಥದ್ದು. ಆಗಲೇ ಡಾಕ್ಟರು ಮುಂದಿನ ಮಾತು ಹೇಳಿದ್ದು: ಈ ಮಕ್ಕಳಿಗೆ ಸಿಗುವುದು ಕೆಲವು ವರ್ಷ, ಕೆಲವರಿಗೆ ಹೆಚ್ಚು, ಹೊಸ ಶ್ವಾಸಕೋಶ ಹೃದಯಕ್ಕಿಂತ ಮೊದಲೇ ಸೋಲಬಹುದು, ಇಡೀ ಆಯುಷ್ಯದ ಭರವಸೆ ಕೊಡಲಾರೆ. ಎದುರು ಪಕ್ಷದ ಬಲವಾದ ಅಂಶವನ್ನು ನಾವಾಗಿ ಎತ್ತಿಕೊಡಬಾರದು — ಚರ್ಚೆಯಲ್ಲಿ ನಾನು ಕಲಿತ ಮೊದಲ ಪಾಠ. ಎತ್ತಿಕೊಡಲಿಲ್ಲ.

"ಏನಂದ್ರಬೇ?" ನೀನು ಕೇಳಿದೆ. "ಪೂರಾ ಆರಾಮ ಆಗ್ತಾಳಂತೇನು?"

"ಆಗ್ತಾಳ ಅಕ್ಕಾ. ದಿನಾ ಗುಳಿಗಿ ನುಂಗಬೇಕಷ್ಟ."

ನೀನು ಸಹಿ ಹಾಕಿದೆ. ಹಾಕದಿದ್ದರೆ ಅವಳು ಆ ವರ್ಷವೇ — ಇರಲಿ, ಇದೂ ವಾದವೇ. ಸರಿಯಾದ ವಾದವೇ. ಆದರೆ ಶಸ್ತ್ರಚಿಕಿತ್ಸೆಯಾದ ಮೇಲೆ ಮಗಳು ಗುಣವಾದಳೆಂದು ನಂಬಿ ನೀನು ಲಿಂಗಸುಗೂರಿನ ನೌಕರಿ ಒಪ್ಪಿಕೊಂಡೆ. ಅವಳನ್ನು ಗೊರೇಬಾಳದಲ್ಲಿ ಅವ್ವನ, ನನ್ನ ಹತ್ತಿರ ಬಿಟ್ಟೆ. ಶನಿವಾರ ಬಂದು ಸೋಮವಾರ ಹೋಗುವವಳಾದೆ. "ಇಲ್ಲೇ ಸಿಂಧನೂರಿಗೆ ವರ್ಗ ಆಗಲಿ, ಆಮ್ಯಾಲೆ ಜೋಡಿ ಇರೂದು ಇದ್ದೇ ಐತಿ" ಅಂದೆ. ನಾನು ಆಗಲೂ ಬಾಯಿ ಬಿಡಲಿಲ್ಲ.

ದಿನಾ ಬೆಳಿಗ್ಗೆ ಅವಳು ಉಸಿರಿನ ಯಂತ್ರ ಊದುತ್ತಾಳಲ್ಲ, ಅದರ ಅಂಕಿಯನ್ನು ಆಸ್ಪತ್ರೆಗೆ ಕಳಿಸುವವಳು ನಾನು. ಎರಡು ತಿಂಗಳಿಂದ ತುಸು ತುಸುವೇ ಇಳಿಯುತ್ತಿದೆ. ಭತ್ತ ಕೊಯ್ಯುವ ಮಷಿನ್ನಿನ ಧೂಳು ಎಂದುಕೊಂಡೆ — ನನ್ನೊಡನೆ ನಾನೇ ವಾದಿಸಿದೆ. ನಿನ್ನೆ ಮೂರು ಸಲ ಊದಿದರೂ ಕಡಿಮೆಯೇ ಬಂತು. ಅವಳು ಏದುಸಿರಿನಲ್ಲೇ ನಕ್ಕಳು: "ಚಿಗವ್ವಾ, ಇದು ನಿನ್ನಂಗ ಐತಿ ನೋಡು. ಏನ್ ಮಾಡಿದ್ರೂ ಒಪ್ಪಂಗಿಲ್ಲ."

ನನಗೆ ನಗಲಾಗಲಿಲ್ಲ. ಅವಳು ಮಲಗಿದರೆ ಎದೆ ಏಳುತ್ತಿದೆಯೇ ಎಂದು ನೋಡುತ್ತ ಕೂರುತ್ತೇನೆ ಈಗ.

ಇಂದು ಡಾಕ್ಟರು ಫೋನ್ ಮಾಡಿದರು. ದೇಹ ಶ್ವಾಸಕೋಶವನ್ನು ತಿರಸ್ಕರಿಸುತ್ತಿರಬಹುದು, ಕೂಡಲೇ ಕರೆತನ್ನಿ. ಔಷಧದಿಂದ ತಡೆಯಲು ನೋಡೋಣ, ಹೋದ ಶಕ್ತಿ ಮರಳುವುದು ಕಷ್ಟ. ತಾಯಿಗೆ ಇದೆಲ್ಲ ಮೊದಲೇ ಗೊತ್ತಿದೆಯಲ್ಲ, ಎಂದು ಕೇಳಿದರು. ಹೌದು ಎಂದೆ. ಹೆದರಿ, ಹೌದು ಎಂದೆ.

ಲಿಂಗಸುಗೂರಿನ ಬಸ್ಸು ಮಸ್ಕಿ ದಾಟಿತು. ಸಿಂಚನಾಳನ್ನು ಅವ್ವನ ಹತ್ತಿರ ಬಿಟ್ಟು, ನಿನ್ನನ್ನು ಕರೆದೊಯ್ಯಲು ಬರುತ್ತಿದ್ದೇನೆ. ಈ ಹಾಳೆಯನ್ನು ನಿನ್ನ ಕೈಗಿಟ್ಟು ನಿಲ್ಲುತ್ತೇನೆ. ಸಮರ್ಥನೆ ಒಂದೂ ತಂದಿಲ್ಲ. ಕೇಳುವ ಹಕ್ಕಿಲ್ಲದ ಒಂದು ಪ್ರಶ್ನೆ ಇದೆ, ಉತ್ತರ ಕೇಳಲು ಭಯ — ಅಕ್ಕಾ, ಅಂದೇ ಹೇಳಿದ್ದರೆ, ಈ ಮೂರು ವರ್ಷ ನೀನು ಎಲ್ಲಿರುತ್ತಿದ್ದೆ?