ಒಂದು ಡಬ್ಬಿ ತಂಬಾಕಿನ ಕರ್ತೃತ್ವ

ಪೈಪು ಸೇದುವ ಮನುಷ್ಯ ತಂಬಾಕಿಗಿಂತ ಹೆಚ್ಚಾಗಿ ಬೆಂಕಿಕಡ್ಡಿಗಳನ್ನೇ ಸುಡುತ್ತಾನೆಂಬುದು ಆ ವಿದ್ಯೆಗೆ ಕೈಹಾಕಿದ ಮೊದಲ ವಾರದಲ್ಲೇ ನನಗೆ ಗೋಚರಿಸಿದ ಪರಮಸತ್ಯ. ಕಡ್ಡಿ ಗೀರಬೇಕು, ಪೈಪಿನ ಬಟ್ಟಲಿನ ಬಾಯಿಗೆ ಹಿಡಿಯಬೇಕು, ಎರಡು ಸಲ ಎಳೆಯುವಷ್ಟರಲ್ಲಿ ಅದು ಆರಬೇಕು, ಮತ್ತೆ ಗೀರಬೇಕು. ಶಹಾಪುರದ ನಮ್ಮ ಓಣಿಯ ತಿರುವಿನಲ್ಲಿರುವ ಕಲ್ಲುಬೆಂಚಿನ ಮೇಲೆ ಕೂತು ನಾನು ಹೀಗೆ ಅರ್ಧ ಪೊಟ್ಟಣ ಖಾಲಿ ಮಾಡುವುದನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದ ಹಿರಿಯರೊಬ್ಬರು ಕೊನೆಗೆ ತಡೆಯಲಾರದೆ ಎದ್ದು ಬಂದು, ತಮ್ಮ ಕಿವಿಯ ಮೇಲಿದ್ದ ಬೀಡಿಯನ್ನು ತೆಗೆದು ನನ್ನ ಕೈಗಿಟ್ಟು, "ಇದನ್ನ ಸೇದ್ರಿ ಸರ್, ಒಂದ ಕಡ್ಡಿಗೆ ಹತ್ತತದ" ಎಂದರು. ಮೂವತ್ತು ವರ್ಷ ಪದವಿ ಕಾಲೇಜಿನಲ್ಲಿ ಇತಿಹಾಸ ಬೋಧಿಸಿದ ನನ್ನ ಮೇಲೆ ಅಷ್ಟು ಕರುಣೆಯನ್ನು ಅದುವರೆಗೆ ಯಾರೂ ತೋರಿಸಿರಲಿಲ್ಲ.

ಈ ಪೈಪಿನ ಪ್ರಾರಬ್ಧ ನನಗಂಟಿದ್ದು ನಿವೃತ್ತನಾದ ವರ್ಷ. ಸುರಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಶರಣಬಸಪ್ಪನೂ ನಾನೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ನಾನು ಎಷ್ಟೇ ದೊಡ್ಡ ಸಭೆಯಲ್ಲಿ ಕೂತಿರಲಿ, ಎಷ್ಟೇ ಗಂಭೀರವಾಗಿ ಕನ್ನಡಕ ಸರಿಪಡಿಸಿಕೊಳ್ಳುತ್ತಿರಲಿ, ಆತ ಹಿಂದಿನಿಂದ ಬಂದು "ಲೇ ಮಾಸ್ತರ" ಎಂದು ಕರೆದು ನನ್ನ ಪಾಂಡಿತ್ಯದ ಗಾಳಿ ತೆಗೆಯುತ್ತಿದ್ದ. ಅವನ ಕಣ್ಣಿನ ತಪಾಸಣೆಗೆಂದು ಇಬ್ಬರೂ ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋಗಿದ್ದಾಗ, ಹಳೆಯ ಸಾಮಾನು ಮಾರುವ ಓಣಿಯಲ್ಲಿ ಎರಡು ಪೈಪುಗಳು ಕಣ್ಣಿಗೆ ಬಿದ್ದವು. ಜೋಡಿ ಒಡೆಯುವುದಿಲ್ಲವೆಂದು ಅಂಗಡಿಯವನು ಹಟ ಹಿಡಿದಿದ್ದರಿಂದ ಆಳಿಗೊಂದರಂತೆ ಕೊಂಡೆವು. ಪೈಪು ಕಚ್ಚಿಕೊಂಡರೆ ಮುಖಕ್ಕೊಂದು ಚಿಂತಕನ ಕಳೆ ಬಂದೀತೆಂಬುದು ನನ್ನ ಗುಪ್ತವಾದ ಆಸೆಯಾಗಿತ್ತು. ಮನೆಗೆ ಬಂದು ಕಚ್ಚಿಕೊಂಡಾಗ ನನ್ನ ಹೆಂಡತಿ ಹಲ್ಲುನೋವೇನೆಂದು ವಿಚಾರಿಸಿದಳು.

ಪೈಪೇನೋ ಬಂತು, ಅದರ ಹೊಟ್ಟೆಗೇನು ಹಾಕುವುದು? ಪರದೇಶದ ತಂಬಾಕಿನ ಡಬ್ಬಿಗಳು ನಮ್ಮ ಕಡೆ ಸಿಗುವುದಿಲ್ಲ. ಬೀಡಿ ಬಿಚ್ಚಿ ತುಂಬಿದರೆ ಗಂಟಲು ಕಿತ್ತುಬರುತ್ತದೆ. ಶರಣಬಸಪ್ಪನ ಅಂಗಡಿಯಲ್ಲಿ ಜಗಿಯುವವರಿಗೆಂದು ಮಾರುವ ಕರಿಯ ನಿಪ್ಪಾಣಿ ಎಲೆ ಇತ್ತು. ಅದೊಂದನ್ನೇ ಸೇದಿದ ದಿನ ಇಬ್ಬರಿಗೂ ಭೂಮಿ ದುಂಡಗಿರುವುದು ಮಾತ್ರವಲ್ಲ, ತಿರುಗುವುದೂ ಅನುಭವಕ್ಕೆ ಬಂತು. ಆಮೇಲೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಮೈಸೂರು ಕಡೆಯ ಹಳದಿ ಎಲೆ ತರಿಸಿಕೊಟ್ಟರು. ಅದು ಸೌಮ್ಯ, ಆದರೆ ಸಪ್ಪೆ. ಮೂರು ಪಾಲು ಹಳದಿ, ಒಂದು ಪಾಲು ಕರಿ ಎಂದು ನಾನು ಪ್ರತಿಪಾದಿಸಿದೆ. ಬೆಲ್ಲದ ನೀರಿನ ಜೊತೆ ಉತ್ತತ್ತಿ ಕುದಿಸಿದ ರಸವೂ ಇರಲಿ ಎಂದು ಅವನು ಸೇರಿಸಿದ. ಎಲೆಯ ನಡುದಂಟು ಸುಲಿದು, ರಸದಲ್ಲಿ ಅದ್ದಿ, ಪದರ ಪದರವಾಗಿ ಒತ್ತಿಟ್ಟು, ಬೆಚ್ಚಗಿನ ಜಾಗದಲ್ಲಿ ಒಂದು ತಿಂಗಳು ಮಾಗಲು ಬಿಟ್ಟು, ಆಮೇಲೆ ಶಾವಿಗೆಯಷ್ಟು ಸಣ್ಣಗೆ ಹೆಚ್ಚಿಕೊಳ್ಳಬೇಕು. ನನ್ನ ಮನೆಯಲ್ಲಿ ಬೆಲ್ಲದ ರಸಕ್ಕೆ ತಂಬಾಕು ಬಿದ್ದ ಐದೇ ನಿಮಿಷಕ್ಕೆ ಪಾತ್ರೆ, ಸೌಟು ಮತ್ತು ನಾನು ಮೂವರೂ ಅಂಗಳದಲ್ಲಿದ್ದೆವು. ಹಾಗಾಗಿ ಪ್ರಯೋಗಶಾಲೆ ಸುರಪುರಕ್ಕೆ, ಶರಣಬಸಪ್ಪನ ಮನೆಯ ಬಚ್ಚಲ ಒಲೆಯ ಮಗ್ಗುಲಿಗೆ ವರ್ಗವಾಯಿತು. ಸ್ಟೀಲಿನ ಡಬ್ಬಿಯಲ್ಲಿ ಎಲೆ ಒತ್ತಿ, ಮೇಲೆ ಬೀಸುಕಲ್ಲಿನ ಹೋಳು ಹೇರಿ, ಹಸಿ ಗೋಣಿ ಸುತ್ತಿ ಇಟ್ಟು ಬರುತ್ತಿದ್ದೆವು. ಅವನ ಹೆಂಡತಿ ನೀಲಮ್ಮ ಮೂಗಿಗೆ ಸೆರಗು ಹಿಡಿದು ಅತ್ತ ಇತ್ತ ಓಡಾಡುತ್ತಿದ್ದಳೇ ಹೊರತು ಒಂದು ಮಾತೂ ಆಡುತ್ತಿರಲಿಲ್ಲ.

ಮೊದಲ ಡಬ್ಬಿ ತೆರೆದ ದಿನವನ್ನು ನೆನೆದರೆ ಈಗಲೂ ಮೂಗು ಅರಳುತ್ತದೆ. ಹಣ್ಣಿನ ಸಿಹಿ, ಹೊಸ ಬೆಲ್ಲದ ಘಮ, ಅದರ ಹಿಂದೆ ಎಲೆಯ ಗಾಢವಾದ ಮಣ್ಣುವಾಸನೆ, ಎಲ್ಲಕ್ಕಿಂತ ಕೊನೆಗೆ ಎಲ್ಲಿಂದಲೋ ಬಂದು ಗಂಟಲನ್ನು ಸವರಿ ಹೋಗುವ ಒಂದು ತಂಪು. ಡಾಕ್ಟರು ನಮಗೆ ದಿನಕ್ಕೆ ಒಂದೇ ಬಟ್ಟಲು ಎಂದು ಕಟ್ಟಪ್ಪಣೆ ವಿಧಿಸಿದ್ದರಿಂದ ಆ ಒಂದನ್ನು ಅಂಗಡಿಯ ಕಟ್ಟೆಯ ಮೇಲೆ ಕೂತು ಗಂಟೆಗಟ್ಟಲೆ ಎಳೆಯುತ್ತಿದ್ದೆವು. ನಿಮಗೂ ಕಲಿಯಿರೆಂದು ನಾನು ಹೇಳುತ್ತಿಲ್ಲ, ಕಲಿಯದಿದ್ದರೇ ಎದೆಗೆ ಕ್ಷೇಮ. ಆದರೆ ಅವಸರವಿಲ್ಲದೆ ಸುಮ್ಮನೆ ಕೂರಲು ವಯಸ್ಸಾದ ಗಂಡಸರಿಗೆ ಏನಾದರೊಂದು ನೆಪ ಬೇಕಾಗುತ್ತದೆ, ನಮಗೆ ಅದು ಸಿಕ್ಕಿತ್ತು. ಒಮ್ಮೆ ಗೋಗಿಯಿಂದ ಬರುವಾಗ ಟಂಟಂ ಆಟೋದಲ್ಲಿ ನನ್ನ ಪಕ್ಕ ಕೂತ ಅಜ್ಜಿ ಪರಿಮಳದ ಜಾಡು ಹಿಡಿದು, ಡಬ್ಬಿ ಬಿಚ್ಚಿಸಿ, ಒಂದು ಚಿಟಿಕೆ ತೆಗೆದು ತನ್ನ ಸುಣ್ಣದ ಜೊತೆ ತಿಕ್ಕಿ ದವಡೆಗೆ ಇಟ್ಟುಕೊಂಡಳು. ಅದು ಸೇದುವುದೆಂದು ನಾನು ಹೇಳುವ ಮೊದಲೇ ಕಣ್ಣು ಮುಚ್ಚಿ, "ಛಲೋ ಅದ. ಆದ್ರ ಇದಕ್ಕ ಇಷ್ಟ್ಯಾಕ ಸಿಂಗಾರ ಮಾಡೀರಿ?" ಎಂದಳು. ಅಷ್ಟು ನಿಷ್ಪಕ್ಷಪಾತ ವಿಮರ್ಶೆ ನನ್ನ ಸಂಶೋಧನ ಪ್ರಬಂಧಕ್ಕೂ ಸಿಕ್ಕಿರಲಿಲ್ಲ.

ಇನ್ನು ನನ್ನ ಅಪರಾಧದ ಪ್ರಕರಣಕ್ಕೆ ಬರುತ್ತೇನೆ. ಸೈದಾಪುರದ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ, ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಎಂಜಿನಿಯರರೊಬ್ಬರ ಪರಿಚಯವಾಯಿತು. ಅವರೂ ಪೈಪಿನವರು, ನನ್ನ ಡಬ್ಬಿಯನ್ನು ಮೂಸಿ ಬೆರಗಾದರು. ಒಂದು ಭಾನುವಾರ ಅವರನ್ನು ಮನೆಗೆ ಕರೆದೆ. ಶರಣಬಸಪ್ಪನೂ ಹೊಸ ಡಬ್ಬಿ ಹಿಡಿದು ಸುರಪುರದಿಂದ ಬಂದ. ಎಂಜಿನಿಯರರು ಸೇದಿ, ಕಣ್ಣರಳಿಸಿ, "ಕೊನೆಯಲ್ಲಿ ಒಂದು ತಂಪು ಬರುತ್ತದಲ್ಲ, ಅದು ಹೇಗೆ ಬಂತು?" ಎಂದು ಕೇಳಿದರು. ಹೇಗೆ ಬಂತೋ ನನಗೇನು ಗೊತ್ತು? ಆದರೆ ಗೊತ್ತಿಲ್ಲವೆಂದು ಹೇಳುವ ಅಭ್ಯಾಸ ಅಧ್ಯಾಪಕರಿಗಿಲ್ಲ. ಉತ್ತತ್ತಿಯ ಸಕ್ಕರೆಯು ಮಾಗುವಾಗ ಹೊಂದುವ ರೂಪಾಂತರದ ಬಗ್ಗೆ ಅರ್ಧ ತಾಸು ಉಪನ್ಯಾಸ ಮಾಡಿದೆ. ನಾನು ಎಲೆ ಆರಿಸಿದ್ದು, ನಾನು ರಸ ಕುದಿಸಿದ್ದು, ನಾನು ಹದ ಕಂಡುಕೊಂಡದ್ದು. ಎಂಜಿನಿಯರರು ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಶರಣಬಸಪ್ಪನ ಕಡೆ ನೋಡಿ, ಇವರು ಯಾರು ಎಂದರು. "ಇವರಾ? ನನಗ ಎಲಿ ಕೊಡೋ ಅಂಗಡಿಯವ್ರು" ಎಂದುಬಿಟ್ಟೆ. ಅವನು ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟು, ಎಂಜಿನಿಯರರಿಗೆ ಕೈಮುಗಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ.

ಮುಂದಿನ ವಾರ ಸುರಪುರಕ್ಕೆ ಹೋದರೆ, "ಬರ್ರಿ ಸರ್, ಏನ ಬೇಕಾಗಿತ್ರಿ?" ಎಂದ. ಹಾಸ್ಯವೆಂದು ನಕ್ಕೆ. ಅವನು ನಗಲಿಲ್ಲ. ಎಲೆ ತೂಗಿ, ಪೊಟ್ಟಣ ಕಟ್ಟಿ, "ಮತ್ತೇನರೆ ಬೇಕೇನ್ರಿ?" ಎಂದು ವಿನಯದಿಂದ ಕೇಳಿದ. ಕಟ್ಟೆಯ ಮೇಲೆ ಕೂರಲು ಹೇಳಲಿಲ್ಲ, ಬಚ್ಚಲ ಒಲೆಯ ಸುದ್ದಿ ಎತ್ತಲಿಲ್ಲ. ನಮ್ಮ ಕಡೆ ಮಾತು ಒರಟೆಂದು ಮೈಸೂರಿನವರು ಹೇಳುತ್ತಾರೆ. ಸ್ನೇಹಿತ ಬಹುವಚನಕ್ಕಿಳಿದರೆ ಅದೆಂಥ ಪೆಟ್ಟೆಂಬುದು ಅವರಿಗೆ ಗೊತ್ತಿಲ್ಲ. ಕ್ಷಮಿಸೆಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು, ಆದರೆ ಅಷ್ಟರಲ್ಲಿ ಯಾರೋ ಸಕ್ಕರೆ ಕೇಳಿಕೊಂಡು ಬಂದರು, ನಾನು ಪೊಟ್ಟಣ ಹಿಡಿದು ಬಸ್ ನಿಲ್ದಾಣಕ್ಕೆ ನಡೆದೆ.

ಇರಲಿ, ನಾನೊಬ್ಬನೇ ಮಾಡಿ ತೋರಿಸುತ್ತೇನೆಂದು ಮನೆಯ ಮಾಳಿಗೆಯ ಮೇಲೆ ಕೆಲಸ ಹೂಡಿದೆ. ಅದೇ ಎಲೆ, ಅದೇ ರಸ, ಅದೇ ಅಳತೆ. ಒಂದು ಸಲ ಒಣಗಿ ಪುಡಿಯಾಯಿತು, ಇನ್ನೊಂದು ಸಲ ಬೂಷ್ಟು ಹಿಡಿಯಿತು. ಮೂರನೆಯ ಸಲ ಸೇದುವ ಸ್ಥಿತಿಗೇನೋ ಬಂತು, ಆದರೆ ಆ ಕೊನೆಯ ತಂಪು ಮಾತ್ರ ಬರಲಿಲ್ಲ. ಪುದೀನ ಹಾಕಿದೆ, ಏಲಕ್ಕಿ ಹಾಕಿದೆ. ಮತಿಗೆಟ್ಟು ಒಂದು ದಿನ ಪಚ್ಚಕರ್ಪೂರವನ್ನೂ ಹಾಕಿದೆ, ಅಂದು ಹೆಂಡತಿಯಿಂದ ಮಂಗಳಾರತಿಯೂ ಆಯಿತು. ಎಂಟು ತಿಂಗಳು ಹೀಗೆ ಹೋದವು. ನಿಜ ಹೇಳಿಬಿಡುತ್ತೇನೆ, ನನಗೆ ತಂಬಾಕು ಬೇಕಾಗಿರಲಿಲ್ಲ. ದಿನ ಮುಳುಗುವ ಹೊತ್ತಿಗೆ ಮಾಳಿಗೆಯ ಮೇಲೆ ಒಬ್ಬನೇ ಪೈಪು ಹಿಡಿದು ಕೂತಾಗ, ನನ್ನನ್ನು ಬಯ್ಯಲು ಜಗತ್ತಿನಲ್ಲಿ ಹೆಂಡತಿಯೊಬ್ಬಳನ್ನು ಬಿಟ್ಟು ಯಾರೂ ಉಳಿದಿಲ್ಲವೆನಿಸಿ ಅಳು ಬರುತ್ತಿತ್ತು. ಅರವತ್ತು ದಾಟಿದ ಮೇಲೆ ಹೊಸ ಗೆಳೆಯರಾಗಬಹುದು, ಆದರೆ ಬೆಂಚಿನ ಗೆಳೆಯರಾಗುವುದಿಲ್ಲ.

ಕೊನೆಗೆ ಎಂಜಿನಿಯರರಿಗೆ ಫೋನು ಮಾಡಿ, ಇದ್ದದ್ದು ಇದ್ದಹಾಗೆ ಹೇಳಿ, ಅವರ ಕಾರಿನಲ್ಲೇ ಸುರಪುರಕ್ಕೆ ಕರೆದುಕೊಂಡು ಹೋದೆ. ಯಾರ ಮುಂದೆ ಮಾತು ಜಾರಿತ್ತೋ ಅವರ ಮುಂದೆಯೇ ಅದನ್ನು ಹೆಕ್ಕಿಕೊಳ್ಳಬೇಕಲ್ಲ. ಅಂಗಡಿಯ ಮುಂದೆ ನಿಂತು, "ಸಾಹೇಬ್ರ, ಅವತ್ತ ನಾ ನಿಮಗ ಸುಳ್ಳ ಹೇಳ್ದೆ. ಇದನ್ನ ಮಾಡಿದಾವ ಇವ. ನಾ ಬರೇ ಸೇದಿದಾವ" ಎಂದೆ. ಶರಣಬಸಪ್ಪ ತಕ್ಕಡಿಯಿಂದ ಕಣ್ಣೆತ್ತದೆ, "ಇಲ್ರಿ ಸಾಹೇಬ್ರ, ಎಲ್ಲಾ ಅವರದ. ನಾವು ಎಲಿ ಮಾರೋ ಮಂದಿ" ಎಂದ. ಇಲ್ಲ ಅವನದು ಎಂದು ನಾನು, ಅಲ್ಲ ಅವರದು ಎಂದು ಅವನು. ಎಂಟು ತಿಂಗಳ ಹಿಂದೆ ಹೊಡೆದಾಡಿ ಪಡೆಯಬೇಕಾಗಿದ್ದ ಕೀರ್ತಿಯನ್ನು ಈಗ ಇಬ್ಬರೂ ಒಬ್ಬರ ಮೇಲೊಬ್ಬರು ಎಸೆಯತೊಡಗಿದೆವು.

ಅಂಗಡಿಯ ಹಿಂದಿನ ಬಾಗಿಲಿನಿಂದ ನೀಲಮ್ಮ ಬಂದಳು. ಮೂಗಿನ ಮೇಲೆ ಸೆರಗಿರಲಿಲ್ಲ.

"ಇಬ್ಬರೂ ಸಾಕ ಮಾಡ್ರಿ. ಡಬ್ಬಿ ಒಲಿ ಬಾಜೂಕ ಇಟ್ಟು ಎದ್ದು ಹೋಗೋರು ನೀವು. ತಿಂಗಳಗಟ್ಟಲೆ ದಿನಾ ಮುಂಜಾನಿ ಕಲ್ಲ ಇಳಿಸಿ, ಎಲಿ ಬಿಚ್ಚಿ, ಮ್ಯಾಲಿನದು ಕೆಳಗ ಹೊಳ್ಳಿಸಿ ಹಾಕ್ದಾಕಿ ಯಾರಂತ ಒಬ್ಬರರೆ ಕೇಳೀರೇನ್ರಿ ಅಣ್ಣಾರ?"

ಕೇಳಿರಲಿಲ್ಲ. ಡಬ್ಬಿ ತನ್ನಷ್ಟಕ್ಕೆ ತಾನೇ ಮಾಗುತ್ತದೆಂದು ಇಬ್ಬರೂ ನಂಬಿದ್ದೆವು. ಎಂಜಿನಿಯರರು ಮಾತ್ರ ತಮ್ಮ ಹಳೆಯ ಪ್ರಶ್ನೆ ಮರೆತಿರಲಿಲ್ಲ. ಆ ತಂಪು ಎಲ್ಲಿಂದ ಬಂತಮ್ಮ ಎಂದು ಕೇಳಿದರು.

"ಅದು ರುಚಿಗಂತ ಹಾಕಿದ್ದಲ್ರಿ. ಜಳಕಕ್ಕ ಹೋದ್ರ ನಾತ ಮೂಗಿಗೆ ಹೊಡೀತಿತ್ತು. ಉಂಡಮ್ಯಾಲ ತಿನ್ನೋ ಬಡೆಸೋಪು ಕುದಿಸಿ ಆ ನೀರು ಚಿಮುಕಸ್ತಿದ್ದೆ, ನಾತ ಹೋಗೋ ತನಕ. ಎರಡ ಸಲ ಬೂಷ್ಟ ಬಂದಿತ್ತು, ಕೆಟ್ಟದ್ದು ಚೆಲ್ಲಿ ಅಂಗಡ್ಯಾಗಿನ ಎಲಿ ತುಂಬೀನಿ. ಹೇಳಿದ್ರ ಇವರಿಬ್ಬರೂ ಮೂರು ದಿನ ಮಾರಿ ಸಣ್ಣ ಮಾಡ್ಕೊಂಡು ಕುಂದರ್ತಿದ್ರು."

ನಾವು ಹೆಮ್ಮೆಪಟ್ಟ ಪರಿಮಳ, ನಾನು ಅರ್ಧ ತಾಸು ವ್ಯಾಖ್ಯಾನಿಸಿದ ತಂಪು, ತಂಬಾಕಿನ ನಾತ ಸಹಿಸಲಾರದ ಹೆಂಗಸಿನ ಉಪಾಯವಾಗಿತ್ತು. ಸುರಪುರದಲ್ಲೂ ಶಹಾಪುರದಲ್ಲೂ ಕೋಟೆಗಳಿವೆ. ಕೋಟೆ ಕಟ್ಟಿದವರು ಯಾರೆಂಬ ಎರಡು ಅಂಕದ ಪ್ರಶ್ನೆಯನ್ನು ನಾನು ವರ್ಷವರ್ಷವೂ ಕೇಳಿದ್ದೇನೆ, ದೊರೆಯ ಹೆಸರು ಬರೆದವರಿಗೆಲ್ಲ ಪೂರ್ತಿ ಅಂಕ ಕೊಟ್ಟಿದ್ದೇನೆ. ಒಬ್ಬ ಹುಡುಗಿ ಮಾತ್ರ ಕಲ್ಲು ಕಟ್ಟಿದವರನ್ನು ನೆನೆದು 'ಗೌಂಡಿಗಳು' ಎಂದು ಬರೆದಿದ್ದಳು. ಅದಕ್ಕೆ ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದ್ದು ಆ ಕ್ಷಣದಲ್ಲಿ ನೆನಪಾಗಿ, ಹಿಂದಕ್ಕೆ ಹೋಗಿ ಆ ಉತ್ತರಪತ್ರಿಕೆ ತಿದ್ದಿ ಬರಬೇಕೆನಿಸಿತು.

"ಇನ್ನ ಮುಂದ ನೀವ ಮಾಡ್ಕೊಳ್ರಿ, ನನಗ ಸಾಕಾಗ್ಯದ" ಎಂದು ನೀಲಮ್ಮ ಒಳಗೆ ಹೋದಳು. ಆಮೇಲೆ ಶರಣಬಸಪ್ಪ ತಲೆ ಕೆರೆದುಕೊಂಡು ನನ್ನ ಕಡೆ ತಿರುಗಿ, "ಲೇ ಮಾಸ್ತರ, ಏನ ಮಾಡೋದಲೇ ಈಗ?" ಎಂದ. ಎಂಟು ತಿಂಗಳಿಂದ ಕೇಳದಿದ್ದ ಆ ಎರಡು 'ಲೇ'ಗಳಿಗೆ ನನ್ನ ಕಣ್ಣು ತುಂಬಿತು; ಮೆಣಸಿನಕಾಯಿ ಚೀಲ ಪಕ್ಕದಲ್ಲೇ ಇದ್ದದ್ದರಿಂದ ಮಾನ ಉಳಿಯಿತು.

ಈಗ ಮಂಗಳವಾರ, ಶುಕ್ರವಾರ ನಾನು ಮೊದಲ ಬಸ್ಸಿಗೆ ಸುರಪುರಕ್ಕೆ ಹೋಗುತ್ತೇನೆ. ಉಳಿದ ದಿನ ಅವನ ಪಾಳಿ. ಕಲ್ಲು ಇಳಿಸಲು ನನಗೆ ಸೊಂಟ ಸಹಕರಿಸುವುದಿಲ್ಲ, ಎಲೆ ಬಿಡಿಸಲು ಅವನಿಗೆ ಕಣ್ಣು ಸಾಲದು. ಬಡೆಸೋಪು ಎಷ್ಟು ಎಂದು ಕೇಳಿದರೆ ನೀಲಮ್ಮ, ನಾತ ಹೋಗುವಷ್ಟು ಎಂಬ ಅಳತೆ ಹೇಳುತ್ತಾಳೆ. ನಮಗೋ ಅದು ನಾತವೆಂದೇ ಅನಿಸುವುದಿಲ್ಲ, ಎಷ್ಟಕ್ಕೆ ಹೋಯಿತೆಂದು ತಿಳಿಯುವುದು ಹೇಗೆ? ಅಂತೂ ತಿಂಗಳು ತುಂಬಿತು, ಎಂಜಿನಿಯರರು ಬಂದರು, ಮೂವರೂ ಕಟ್ಟೆಯ ಮೇಲೆ ಕೂತು ಪೈಪು ಹೊತ್ತಿಸಿದೆವು. ಅವರು ಸಭ್ಯರು, ಎರಡು ಸಲ ಎಳೆದು, ಸಭ್ಯವಾಗಿ ಕೆಮ್ಮಿ, ಇದನ್ನೂ ಅಮ್ಮನವರೇ ಮಾಡಿದ್ದೇ ಎಂದು ಕೇಳಿದರು. ನಾವು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಧ್ವನಿ ಬಂತು. "ನನ್ನ ಹೆಸರ ಹೇಳಬ್ಯಾಡ್ರಿ. ಈ ಸಲ ನಾ ಮುಟ್ಟೇ ಇಲ್ಲ. ಪೂರಾ ಅವರ ಮಾಡ್ಯಾರ, ಅದಕ್ಕ ಹಿಂಗ ನಾರಾಕತ್ತದ."

ಶರಣಬಸಪ್ಪ ಬಾಯಿಂದ ಪೈಪು ತೆಗೆದು, ನನ್ನ ಕಿವಿಯ ಹತ್ತಿರ ಬಗ್ಗಿದ. "ಕೇಳಿದೇನಲೇ? ಈ ಸಲ ಇಬ್ಬರೂ ಕೂಡಿ ಕೆಡಿಸೀವಿ. ಮತ್ತ ನೀ ಒಬ್ಬಾವನ ಹೆಸರ ಹೊಡ್ಕೋಬ್ಯಾಡ."