ತಾಯಿಯ ಮನೆತನ ಕೇಳಿದ ಐಸ್ ಪ್ಲಾಂಟ್

ಕಾರ್ಕಳದ ಡ್ಯಾರಿಲ್ ಮಥಾಯಸ್ ಭೌತಶಾಸ್ತ್ರದ ಪದವೀಧರ. ಮನೆಗೆ ಬೀಗ ಹಾಕಿ ಎಳೆದು ನೋಡಿ, ಗೇಟಿನವರೆಗೆ ಹೋಗಿ, ಮರಳಿ ಬಂದು ಇನ್ನೊಮ್ಮೆ ಎಳೆದು ನೋಡುವ ಸ್ವಭಾವ ಅವನದು. ಇಂಥವನಿಗೆ ಮಣಿಪಾಲದ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಸಿಕ್ಕಿದ್ದೂ ಬೀಗ ಹಾಕುವ ಕೆಲಸವೇ.

ಕಾಪುವಿನ ಐಸ್ ಪ್ಲಾಂಟ್ ಒಂದಕ್ಕೆ ಆ ಕಂಪನಿ ಎಐ ಸಹಾಯಕನನ್ನು ಮಾಡಿಕೊಟ್ಟಿತ್ತು. ದೋಣಿಯವರು ಫೋನಿನಲ್ಲಿ ‘ನಾಳೆಗೆ ಐಸ್ ಬೇಕು’ ಎಂದರೆ ಸಾಕು. ಎಐ ಅದನ್ನು ಅರ್ಥ ಮಾಡಿಕೊಂಡು ಪ್ಲಾಂಟಿನ ಸರ್ವರ್‌ಗೆ ಹೇಳುತ್ತಿತ್ತು. ಬುಕಿಂಗ್ ಮಾಡುವುದು, ರದ್ದು ಮಾಡುವುದು, ಐಸ್ ಪುಡಿ ಮಾಡುವ ಯಂತ್ರ ಚಾಲೂ ಮಾಡುವುದು ಎಲ್ಲ ಸರ್ವರ್‌ನ ಕೆಲಸ. ಆದರೆ ಮಾತಾಡುತ್ತಿರುವವರು ಯಾರೆಂದು ಅದು ವಿಚಾರಿಸುತ್ತಿರಲಿಲ್ಲ. ಹಾಗೆ ವಿಚಾರಿಸುವ ಲಾಗಿನ್ ಕೂರಿಸುವುದು ಡ್ಯಾರಿಲ್‌ನ ಪಾಲಿಗೆ ಬಂತು. ಪ್ಲಾಂಟಿನವರು ಮೆಚ್ಚಿ ಒಂದು ಇಮೇಲ್ ಕಳಿಸಿದರೆ ಕೆಲಸ ಖಾಯಂ, ಇಲ್ಲವಾದರೆ ಬೇರೆ ಕಡೆ ನೋಡಿಕೊಳ್ಳಬೇಕು ಎಂದು ಕಂಪನಿಯ ಒಡತಿ ವನೆಸ್ಸಾ ಮೊದಲೇ ಹೇಳಿದ್ದರು.

ಡ್ಯಾರಿಲ್ ಕ್ರಮವಾಗಿ ಯೋಚಿಸಿದ. ಒದ್ದೆ ಕೈಯಲ್ಲಿ ಪಾಸ್‌ವರ್ಡ್ ಒತ್ತಲಾಗದು. ಮೀನಿನ ಲೋಳೆಯಲ್ಲಿ ಬೆರಳಚ್ಚು ಮೂಡದು. ಆದ್ದರಿಂದ ಬಾಯಲ್ಲೇ ಹೇಳುವ ಗುಟ್ಟಿನ ಪ್ರಶ್ನೆಯೊಂದನ್ನು ಆರಿಸಿದ: ಪೂರ್ತಿ ಹೆಸರು ಹೇಳಿ, ನಂತರ ನಿಮ್ಮ ತಾಯಿಯ ಮನೆತನದ ಹೆಸರು ಹೇಳಿ. ಆಫೀಸಿನಲ್ಲಿ ಪರೀಕ್ಷೆಯೂ ನಡೆಯಿತು. ಸಹೋದ್ಯೋಗಿ ಜೋಯ್‌ಸ್ಟನ್ ಡ್ಯಾರಿಲ್‌ನ ಹೆಸರಲ್ಲಿ ನುಗ್ಗಲು ನೋಡಿ, ಪಿಂಟೊ, ಲೋಬೊ, ಡಿಮೆಲ್ಲೊ ಎಂದು ಊರಿನ ಎಲ್ಲ ಮನೆತನಗಳನ್ನು ಹೇಳಿ ಸುಸ್ತಾದ. ಡ್ಯಾರಿಲ್‌ನ ತಾಯಿ ಬರ್ತಾ ಮದುವೆಗೆ ಮುಂಚೆ ನೊರೊನ್ಹಾ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಡ್ಯಾರಿಲ್‌ಗೆ ತೃಪ್ತಿಯಾಯಿತು. ಹೊರಗಿನಿಂದ ಸರ್ವರ್ ಮುಟ್ಟುವ ದಾರಿಯನ್ನೂ ಮುಚ್ಚಿದ. ಪ್ಲಾಂಟಿನ ಗೇಟು, ಕಚೇರಿ ಎರಡನ್ನೂ ನೋಡಿಕೊಳ್ಳುವ ಕಮಲಕ್ಕನಿಗೆ, ಸರ್ವರ್ ಕೋಣೆಗೆ ಯಾರೇ ಬರಲಿ, ನಾನೇ ಬಂದರೂ ಸರಿ, ಅದೇ ಪ್ರಶ್ನೆ ಕೇಳದೆ ಬಾಗಿಲು ತೆಗೆಯಬೇಡಿ ಎಂದು ಹೇಳಿಬಂದ.

ಮಾರನೆಯ ದಿನ ಬೆಳಿಗ್ಗೆ ದೋಣಿಯ ಚಂದು ಕರ್ಕೇರ ಡ್ಯಾರಿಲ್‌ಗೆ ಫೋನ್ ಮಾಡಿದ. ಅವನಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಿದ್ದಂತಿತ್ತು.

“ಸರ್, ನನ್ನ ಐಸನ್ನು ನಾನೇ ರದ್ದು ಮಾಡಿದ್ದೇನಂತೆ. ಆಗ ನಾನು ಹಲ್ಲುಜ್ಜುತ್ತಿದ್ದೆ.”

ರದ್ದು ಮಾಡಿದ್ದು ಪಕ್ಕದ ದೋಣಿಯ ಜಿತೇಂದ್ರ ಬಂಗೇರ. ಅದು ತಿಳಿದ ಚಂದು ಸುಮ್ಮನಿರದೆ ಜಿತೇಂದ್ರನ ಹೆಸರಲ್ಲಿ ಒಳಹೊಕ್ಕು ಅವನದನ್ನೂ ರದ್ದು ಮಾಡಿದ್ದ. ನೋಡುತ್ತ ನಿಂತವರಿಗೆ ಇದು ಹಿಡಿಸಿತು. ಸ್ವಲ್ಪ ಹೊತ್ತಿನಲ್ಲಿ ಕಡಲಬದಿಯ ಎಲ್ಲರೂ ಎಲ್ಲರ ಐಸನ್ನೂ ರದ್ದು ಮಾಡಿಯಾಗಿತ್ತು. ಪ್ರತಿ ಸಲವೂ ಎಐ, ‘ನಿಮ್ಮ ಗುರುತು ಖಚಿತವಾಗಿದೆ, ಧನ್ಯವಾದ’ ಎಂದು ವಿನಯದಿಂದ ಹೇಳಿತ್ತು.

“ಅವರಿಗೆ ಉತ್ತರ ಹೇಗೆ ಗೊತ್ತಾಯಿತು?” ಎಂದು ಡ್ಯಾರಿಲ್ ಕೇಳಿದ.

“ಗೊತ್ತಾಗಲಿಕ್ಕೆ ಎಂತ ಉಂಟು ಮಾರಾಯ್ರೆ? ನಮ್ಮಲ್ಲಿ ಮನೆತನ ಬರುವುದೇ ತಾಯಿಯಿಂದ. ಅಪ್ಪ ಸುವರ್ಣ, ಅಮ್ಮ ಕರ್ಕೇರ, ನಾನು ಕರ್ಕೇರ. ನಿಮ್ಮ ಯಂತ್ರ ಮೊದಲು ಪೂರ್ತಿ ಹೆಸರು ಕೇಳುತ್ತದೆ, ಆಮೇಲೆ ಅದರಲ್ಲಿ ಅರ್ಧವನ್ನು ಪುನಃ ಕೇಳುತ್ತದೆ. ಕಿವಿ ಮಂದ ಉಂಟಾ ಅಂತ ನಾವು ಮಾತಾಡಿಕೊಂಡೆವು.”

ಡ್ಯಾರಿಲ್ ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪು ತಲುಪುವಾಗ ಐಸ್ ಯಂತ್ರ ನಿಂತಿತ್ತು, ದೋಣಿಗಳು ಕಾಯುತ್ತಿದ್ದವು. ಪ್ರಶ್ನೆಯನ್ನು ತೆಗೆದುಹಾಕಲು ಸರ್ವರ್ ಕೋಣೆಗೆ ಹೋಗಬೇಕು. ಬಾಗಿಲಲ್ಲಿ ಕೀಲಿಕೈ ಹಿಡಿದು ಕಮಲಕ್ಕ ನಿಂತಿದ್ದರು. ಹಿಂದಿನ ದಿನವಷ್ಟೇ ಮಾತಾಡಿಸಿದ್ದ ಹುಡುಗನನ್ನು ಅವರು ಹೊಸಬನಂತೆ ನೋಡಿ ಹೆಸರು ಕೇಳಿದರು. ಡ್ಯಾರಿಲ್ ಮಥಾಯಸ್ ಎಂದ. ತಾಯಿಯ ಮನೆತನ ಕೇಳಿದರು.

“ನೊರೊನ್ಹಾ.”

“ಬೆಳಿಗ್ಗೆಯಿಂದ ಇಲ್ಲಿ ಎಷ್ಟೋ ಜನ ಹೇಳಿದರು. ಎಲ್ಲರದ್ದೂ ತಾಳೆ ಆಯಿತು. ನಿಮ್ಮದೊಂದು ಆಗುವುದಿಲ್ಲ,” ಎಂದರು ಕಮಲಕ್ಕ. “ಹೆತ್ತವಳ ಹೆಸರು ಬಿಟ್ಟವರನ್ನು ನಾನು ಹೇಗೆ ಒಳಗೆ ಬಿಡುವುದು?”

ನಮ್ಮಲ್ಲಿ ತಂದೆಯ ಹೆಸರು ಬರುವುದು ಎಂದು ಡ್ಯಾರಿಲ್ ವಿವರಿಸಿದ. ಹಾಗಾದರೆ ನಿಮ್ಮ ತಾಯಿ ಇದಕ್ಕೆ ಒಪ್ಪಿದ್ದಾರಾ ಎಂದು ಅವರು ಕೇಳಿದರು. ಹೊರಗೆ ದೋಣಿಯವರ ಕೂಗಾಟ ಹೆಚ್ಚಾಯಿತು. ಬೇರೆ ದಾರಿ ಕಾಣದೆ ಡ್ಯಾರಿಲ್ ಕಾರ್ಕಳಕ್ಕೆ ಫೋನ್ ಹಚ್ಚಿ ಕಮಲಕ್ಕನ ಕೈಗೆ ಕೊಟ್ಟ.

ಇಬ್ಬರು ಹೆಂಗಸರೂ ತುಳುವಿನಲ್ಲಿ ಮಾತಿಗಿಳಿದರು. ಬಂಗುಡೆ ಮೀನಿನ ಧಾರಣೆಯಿಂದ ಶುರುವಾಗಿ ಮಾತು ಬರ್ತಾರ ಮಂಡಿನೋವಿಗೆ ಬಂತು. ಆಮೇಲೆ ಕಮಲಕ್ಕ, “ಬಾಯಮ್ಮ, ಇಲ್ಲಿ ಒಬ್ಬರು ನಿಮ್ಮ ಮಗ ಅಂತ ಹೇಳಿಕೊಳ್ಳುತ್ತಿದ್ದಾರೆ,” ಎಂದು ವಿಷಯಕ್ಕೆ ಬಂದರು. ಗಲ್ಲದ ಕೆಳಗೆ ಕಲೆ ಉಂಟಾ ನೋಡಿ, ಸೈಕಲ್ಲಿನಿಂದ ಬಿದ್ದದ್ದು ಎಂದರು ಬರ್ತಾ. ಕಮಲಕ್ಕ ಡ್ಯಾರಿಲ್‌ನ ಗಲ್ಲ ಹಿಡಿದೆತ್ತಿ ಬೆಳಕಿಗೆ ತಿರುಗಿಸಿದರು. ಕಲೆ ಇತ್ತು. ಬಾಗಿಲು ತೆರೆಯಿತು.

ಡ್ಯಾರಿಲ್ ಗಲ್ಲ ಸವರಿಕೊಳ್ಳುತ್ತ ಒಳಗೆ ಹೋಗಿ ಕುಳಿತ. ಪ್ರಶ್ನೆಯನ್ನು ಅಳಿಸಿ ಹೊಸ ನಿಯಮ ಬರೆದ: ಪ್ರತಿಯೊಬ್ಬರೂ ತಮ್ಮ ಫೋನನ್ನು ಕಮಲಕ್ಕನ ಮುಂದೆ ತಂದು ಹಿಡಿಯಬೇಕು. ಅವರು ಮುಖ ನೋಡಿ ಹೌದೆಂದ ಫೋನಿಗೆ ಮಾತ್ರ ಸರ್ವರ್ ಒಂದು ಕೀಲಿ ಕೊಡುತ್ತದೆ. ಆ ಫೋನಿನಿಂದ ಬಂದ ಮಾತನ್ನು ಮಾತ್ರ ಅದು ಕೇಳುತ್ತದೆ. ದೋಣಿಯವರು ಸಾಲುಗಟ್ಟಿ ನಿಂತರು. ಜಿತೇಂದ್ರ ತಾನು ಚಂದು ಎಂದು ಒಮ್ಮೆ ಹೇಳಿ ನೋಡಿದ. ಕಮಲಕ್ಕ ಅವನ ಅಜ್ಜಿಯಿಂದ ಶುರುಮಾಡಿ ಬೈದರು. ಯಂತ್ರ ಗಡಗಡ ಎಂದು ಐಸ್ ಪುಡಿ ಮಾಡತೊಡಗಿತು, ದೋಣಿಗಳು ಹೊರಟವು.

ಡ್ಯಾರಿಲ್‌ನ ಫೋನನ್ನು ಕೊನೆಯಲ್ಲಿ ಕಮಲಕ್ಕನೇ ಕೇಳಿ ತೆಗೆದುಕೊಂಡು ದಾಖಲಿಸಿದರು. ಕಂಪನಿಗೆ ಮೆಚ್ಚುಗೆಯ ಇಮೇಲನ್ನೂ ಅಲ್ಲೇ ಕಳಿಸಿಬಿಟ್ಟರು.

ಮಣಿಪಾಲಕ್ಕೆ ಮರಳಿದಾಗ ವನೆಸ್ಸಾ ಪರದೆಯ ಮುಂದೆ ಹುಬ್ಬು ಗಂಟಿಕ್ಕಿ ಕುಳಿತಿದ್ದರು. ಕಾಪುವಿನವರು ಬಹಳ ಹೊಗಳಿದ್ದಾರೆ, ಆ ಮನುಷ್ಯನನ್ನೇ ಖಾಯಂ ಮಾಡಿ ಎಂದಿದ್ದಾರೆ ಎಂದರು.

“ಆದರೆ ಡ್ಯಾರಿಲ್ ನೊರೊನ್ಹಾ ಎಂಬವರು ನಮ್ಮಲ್ಲಿ ಯಾರೂ ಇಲ್ಲವಲ್ಲ?”

ಡ್ಯಾರಿಲ್ ಗಲ್ಲವನ್ನು ಸ್ವಲ್ಪ ಮೇಲೆತ್ತಿ ಬೆಳಕಿಗೆ ತಿರುಗಿಸಿಕೊಂಡು, ಕಾರ್ಕಳಕ್ಕೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟ.