ಮಾದಪ್ಪಣ್ಣ ಮತ್ತು ಕಡೇ ಬೇಸಿನ್

ಮಾದಪ್ಪಣ್ಣನ ಕೊರಳಲ್ಲಿ ಲಿಂಗ, ಉಡಿದಾರದಲ್ಲಿ ಬೆರಳುದ್ದದ ಒಂದು ಕಬ್ಬಿಣದ ಕೀ. ಸ್ನಾನ ಮಾಡುವಾಗಲೂ ಎರಡನ್ನೂ ತೆಗೆಯುವುದಿಲ್ಲವೆಂದು ಅವನ ಹೆಂಡತಿ ಕೇರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಆ ಕೀಯಿಂದ ಯಾವ ಬೀಗವೂ ತೆರೆಯುತ್ತಿರಲಿಲ್ಲ. ಆದರೆ ಅದಿಲ್ಲದಿದ್ದರೆ ನಾನು ಕೆಲಸಕ್ಕೆ ಸೇರಿದ ವಾರವೇ ಮನೆಗೆ ವಾಪಸಾಗಬೇಕಿತ್ತು.

ಅದು ಅರವತ್ತರ ದಶಕದ ಕೊನೆ. ಕೊಳ್ಳೇಗಾಲದಲ್ಲಿ ಸಾಹುಕಾರರೊಬ್ಬರ ಸಣ್ಣ ರೇಷ್ಮೆ ಕಾರ್ಖಾನೆಗೆ ನೂಲು ಬಿಚ್ಚಲು ಸೇರಿದ್ದೆ. ಬಾಯ್ಲರಿನಿಂದ ಹೊರಟ ಸ್ಟೀಮಿನ ಪೈಪು ಸಾಲಾಗಿದ್ದ ಬೇಸಿನ್‌ಗಳ ತಳದಲ್ಲಿ ಹಾದು ನೀರು ಕಾಯಿಸುತ್ತಿತ್ತು. ಬಿಸಿನೀರಿನಲ್ಲಿ ರೇಷ್ಮೆಗೂಡಿನ ಅಂಟು ಸಡಿಲವಾದರೆ ಎಳೆ ಸಲೀಸಾಗಿ ಬರುತ್ತದೆ, ಇಲ್ಲದಿದ್ದರೆ ಹರಿಯುತ್ತದೆ. ಹೊಸಬರಿಗೆ ಯಾವಾಗಲೂ ಕಡೇ ಬೇಸಿನ್. ನನಗಿಂತ ಮೊದಲು ಅಲ್ಲಿ ಕೂತಿದ್ದ ಕುಂತೂರಿನ ನಿಂಗಮ್ಮನನ್ನು, ಕೈಗುಣ ಸರಿಯಿಲ್ಲವೆಂದು ಮೇಸ್ತ್ರಿ ಮನೆಗೆ ಕಳಿಸಿದ್ದ. ಈಗ ನನ್ನ ನೂಲೂ ಹರಿಯತೊಡಗಿತು.

ನೀರು ಎಷ್ಟು ಬಿಸಿಯಿರಬೇಕೆಂಬುದು ನನಗೆಲ್ಲಿ ಗೊತ್ತು? ಬೆರಳು ಸುಡದಿರುವುದೇ ನನ್ನ ಪುಣ್ಯ ಅಂದುಕೊಂಡಿದ್ದೆ. ಆದರೂ ಒಂದು ದಿನ ಧೈರ್ಯ ಮಾಡಿ, ನೀರು ಒಸಿ ತಣ್ಣಗಿದೆಯೇನೋ ಎಂದೆ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ!" ಎಂದ ಮೇಸ್ತ್ರಿ. "ಸನಿವಾರದವರ್ಗೂ ನೋಡ್ತೀನಿ. ಆಮ್ಯಾಲೆ ನಿಂಗಮ್ಮನ ದಾರಿ ಇಡಿ ನೀನೂವೆ."

ಹಾಗೆಂದವನೇ, ಆ ಜಾಗಕ್ಕೆ ಯಾರದೋ ದೃಷ್ಟಿ ತಾಗಿದೆಯೆಂದು ಪೈಪಿನ ತುದಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದ. ಅತ್ತೆಯ ಹತ್ತಿರ ಹಠ ಮಾಡಿ ಕೆಲಸಕ್ಕೆ ಬಂದವಳು ನಾನು. ವಾರ ತುಂಬುವುದರೊಳಗೆ ಯಾವ ಮುಖ ಹೊತ್ತು ಹಿಂದಿರುಗಲಿ? ಕಣ್ಣೀರು ಬೇಸಿನ್ನಿಗೇ ಬೀಳುತ್ತಿತ್ತು.

ಕೊಯಮತ್ತೂರಿನ ಮಿಲ್ಲಿನಲ್ಲಿ ಬಹಳ ವರ್ಷ ದುಡಿದು ಆಗಷ್ಟೇ ನಮ್ಮಲ್ಲಿಗೆ ಫಿಟರಾಗಿ ಬಂದಿದ್ದ ಮಾದಪ್ಪಣ್ಣ ಅದನ್ನು ನೋಡಿದ. ನನ್ನ ಬೇಸಿನ್ನಿಗೆ ಬೆರಳದ್ದಿದ. ನನ್ನನ್ನು ಮೊದಲನೇ ಬೇಸಿನ್ನಿನ ಹತ್ತಿರ ಕರೆದೊಯ್ದು, "ಇದ್ಕೂ ಒಸಿ ಅದ್ದವ್ವ" ಎಂದ. ಅದ್ದಿದವಳೇ ಅಯ್ಯಪ್ಪೋ ಎಂದು ಕೂಗಿದೆ.

"ಕಂಡ್ಯಾ? ನಿನ್ ಕೈ ದೋಸ ಅಲ್ಲ ಕಣವ್ವ. ಪೈಪಿನ ಕಡೇಲಿ ಗಾಳಿ ಸೇರ್ಕಂಡದೆ. ಗಾಳಿ ಕುಂತಿರೋ ಜಾಗಕ್ಕೆ ಸ್ಟೀಮು ಎಂಗವ್ವ ಬಂದಾತು?"

ಗಾಳಿ ಬಿಡಲೆಂದೇ ಪೈಪಿನ ತುದಿಯಲ್ಲೊಂದು ಪುಟ್ಟ ತಿರುಪು ಇತ್ತು. ಮೇಸ್ತ್ರಿಯ ನಿಂಬೆಹಣ್ಣು ಸರಿಯಾಗಿ ಅದರ ಮೇಲೇ ತೂಗಾಡುತ್ತಿತ್ತು! ಹಿಂದಿನ ಫಿಟರು ಇಕ್ಕಳ ಹಾಕಿ ತಿರುಚಿ ತಿರುಚಿ ತಿರುಪಿನ ಚೌಕ ತಲೆಯನ್ನು ಗುಂಡಗೆ ಮಾಡಿಟ್ಟಿದ್ದ. ಮಧ್ಯಾಹ್ನ ಊಟಕ್ಕೆ ಸ್ಟೀಮು ನಿಲ್ಲಿಸಿದಾಗ ಮಾದಪ್ಪಣ್ಣ ಅದನ್ನು ಬಿಚ್ಚಿ, ತಲೆಯನ್ನು ಅರದಿಂದ ಉಜ್ಜಿ ಮತ್ತೆ ಚೌಕ ಮಾಡಿ, ಇದ್ದಲ್ಲಿಗೇ ಕೂರಿಸಿದ. ಆಮೇಲೆ ಒಂದು ಸರಳಿನ ತುಂಡಿಗೆ ತೂತು ಕೊರೆದು, ತಿರುಪಿನ ತಲೆಗೆ ಹೊಂದುವ ಕೀ ಮಾಡಲು ಕೂತ. ಎರಡು ದಿನದ ಊಟದ ಹೊತ್ತು ಅದಕ್ಕೇ ಹೋಯಿತು. ಕೀಯೊಳಗೆ ದೀಪದ ಮಸಿ ಸವರಿ ತಿರುಪಿನ ಮೇಲಿಡುವುದು, ಮಸಿ ಎಲ್ಲಿ ಹತ್ತಿದೆಯೆಂದು ನೋಡುವುದು, ಮತ್ತೆ ಉಜ್ಜುವುದು.

"ಕೀ ಕೂತ್ರೆ ಅಲ್ಲಾಡ್ಬಾರ್ದು. ಅಲ್ಲಾಡುದ್ರೆ ಅದು ಕೀಯಲ್ಲ, ಇಕ್ಕಳದ ತಮ್ಮ" ಎಂದ.

ಹಿಡಿಯನ್ನು ಎರಡು ಬೆರಳಿಗೆ ಸಿಗುವಷ್ಟೇ ಇಟ್ಟಿದ್ದ. ಅಷ್ಟು ಮೋಟು ಯಾಕೆಂದು ಕೇಳಿದೆ.

"ಉದ್ದ ಇದ್ರೆ ತೋಳಿಗೆ ತಿಮಿರು ಬತ್ತದೆ. ತಿರುಪು ಮುರ್ದೋಯ್ತದೆ. ಗಾಳಿ ಬುಡ್ಸಕೆ ಎಲ್ಡು ಬೆಳ್ಳು ಸಾಕು."

ಶುಕ್ರವಾರ ಸ್ಟೀಮು ಬಿಟ್ಟ ಮೇಲೆ, ಬಟ್ಟೆ ಅಡ್ಡ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಕೀಯನ್ನು ಅರ್ಧ ಸುತ್ತು ತಿರುಗಿಸಿದ. ಬುಸ್ಸೆಂದು ಗಾಳಿ ಹೊರಟಿತು. "ಮೊದ್ಲು ಗಾಳಿ, ಆಮ್ಯಾಲೆ ನೀರು, ಅದಾದ್ಮ್ಯಾಲೆ ಸ್ಟೀಮು. ಸ್ಟೀಮು ಬಂದೇಟ್ಗೆ ಮುಚ್ಬುಡ್ಬೇಕು" ಎನ್ನುತ್ತಾ ಮುಚ್ಚಿ, ಕೀಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಸ್ವಲ್ಪ ಹೊತ್ತಿಗೆ ನನ್ನ ಬೇಸಿನ್ನೂ ಕಾದಿತು. ಎಳೆ ಬಂತು ನೋಡಿ, ಹಾಲಿನ ಧಾರೆಯ ಹಾಗೆ.

ಶನಿವಾರ ನನ್ನ ನೂಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಮೇಸ್ತ್ರಿ ಎಲ್ಲರಿಗೂ ಕೇಳಿಸುವಂತೆ, "ನೋಡುದ್ರಾ, ನಿಂಬೆಣ್ಣು ಎಂಗೆ ಕೆಲ್ಸ ಮಾಡ್ತು!" ಎಂದ. ನನಗೆ ಮೈಯೆಲ್ಲ ಉರಿಯಿತು. ಮಾದಪ್ಪಣ್ಣ ಮಾತ್ರ, "ಓಗ್ಲಿ ಬುಡವ್ವ, ನಿಂಬೆಣ್ಣಿಗೂ ಒಸಿ ಪುಣ್ಯ ಬರ್ಲಿ" ಎಂದು ನಕ್ಕ. ಅವನಿಗೆ ಸಿಟ್ಟು ಬಂದದ್ದನ್ನು ನಾನು ಕೊನೆಯವರೆಗೂ ನೋಡಲಿಲ್ಲ.

ಆದರೆ ಅವನಿಗೆ ಸಮಾಧಾನವಿರಲಿಲ್ಲ. "ನಿನ್ ಕೆಲ್ಸ ಉಳೀತು, ಸರಿ. ಆ ನಿಂಗಮ್ಮ ಇನ್ನೂ ತನ್ ಕೈನೇ ಬೈಕಂಡು ಕುಂತಿರ್ತಾಳಲ್ಲ?" ಎಂದು ಭಾನುವಾರ ನನ್ನನ್ನೂ ಕರೆದುಕೊಂಡು ಕುಂತೂರಿಗೆ ಬಸ್ಸು ಹತ್ತಿದ. ನಿಂಗಮ್ಮ ಕಬ್ಬಿನ ಕಳೆ ತೆಗೆದು ಆಗಷ್ಟೇ ಮನೆಗೆ ಬಂದಿದ್ದಳು. ಮಾದಪ್ಪಣ್ಣ ಜಗಲಿಯ ಮೇಲೂ ಕೂರದೆ, "ತಾಯಿ, ತಪ್ಪು ಪೈಪಿಂದು. ನಿನ್ ಕೈ ಚೆಂದಾಗದೆ. ಇದ್ನ ಏಳ್ಬುಟ್ಟು ಓಗವಾ ಅಂತ ಬಂದೆ" ಎಂದ. ಅವಳು ಮಣ್ಣಾದ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನೂ ಅತ್ತೆ.

ಮುಂದಿನ ವಾರ ನಿಂಗಮ್ಮ ಬಂದು ಕೆಲಸ ಕೇಳಿದಳು. ಮೇಸ್ತ್ರಿ ಏನೂ ಆಗದವನಂತೆ ಜಾಗ ತೋರಿಸಿದ. ವರ್ಷ ಕಳೆಯುವುದರೊಳಗೆ ಅವಳಷ್ಟು ನಯವಾದ ನೂಲು ತೆಗೆಯುವವರು ನಮ್ಮ ಸಾಲಿನಲ್ಲಿರಲಿಲ್ಲ. ಹೊಸ ಹುಡುಗಿಯರಿಗೆ ಕೆಲಸ ಕಲಿಸುತ್ತಿದ್ದವಳೂ ಅವಳೇ.

ಎಪ್ಪತ್ತರ ದಶಕದ ನಡುವೆ ಮಾದಪ್ಪಣ್ಣ ಕೆಲಸ ಬಿಟ್ಟು ಯಳಂದೂರಿನ ಮಗಳ ಮನೆಗೆ ಹೋದ. ಅಲ್ಲೇ ತೀರಿಕೊಂಡ. ಕಾರ್ಖಾನೆಯಿಂದ ನಾವೊಂದಷ್ಟು ಜನ ಮಣ್ಣಿಗೆ ಹೋಗಿದ್ದೆವು. ಮೇಸ್ತ್ರಿಯೂ ಬಂದಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು. ಒಂದು ಹಿಡಿ ವಿಭೂತಿ ಹಾಕಿ ಬಂದವನು ನಿಂಗಮ್ಮನ ಎದುರು ನಿಂತು ತಲೆ ತಗ್ಗಿಸಿದ.

"ಅವತ್ತು ತಪ್ಪು ನಂದು ಕಣವ್ವ. ಏಳಕೆ ಬಾಯಿ ಬರ್ಲಿಲ್ಲ."

ನಿಂಗಮ್ಮ ಕಣ್ಣೊರೆಸಿಕೊಂಡಳು. "ಮಾದಪ್ಪಣ್ಣ ನಮ್ಮಟ್ಟಿ ಬಾಗ್ಲುಗಂಟ ಬಂದು ಏಳ್ದ ದಿನ್ವೇ ಅದು ಮುಗೀತು, ಬುಡಿ ಮೇಸ್ತ್ರಿ."